ಒಳಗಿಂದ ತೆರೆಯದ ಬಾಗಿಲು

ರಘೂತ್ತಮನ ಕಾರಿನಲ್ಲಿ ಡ್ರೈವರ್ ಪಕ್ಕದ ಬಾಗಿಲಿಗೆ ಒಂದು ಹಟವಿತ್ತು. ಹೊರಗಿನಿಂದ ಎಷ್ಟು ಸಲ ಬೇಕಾದರೂ ತೆರೆಯುತ್ತಿತ್ತು, ಒಳಗಿನಿಂದ ಮಾತ್ರ ಜಪ್ಪಯ್ಯ ಎಂದರೂ ಇಲ್ಲ. ಆ ಸೀಟಿಗೆ ಇನ್ನೂ ಯಾರೂ ಗಂಟುಬಿದ್ದಿರದ ಕಾರಣ ಅವನೂ ಅದರ ಗೋಜಿಗೆ ಹೋಗಿರಲಿಲ್ಲ. ಆದರೆ ಈ ಭಾನುವಾರ ಬೆಳಿಗ್ಗೆ ಕಮಲಾಪುರದಿಂದ ಸುಮೇಧಾ ಫೋನ್ ಮಾಡಿದಳು.

"ಅಪ್ಪ ಅವ್ವ ಒಪ್ಪ್ಯಾರ್ರೀ. ಇನ್ನ ಅಜ್ಜ ಹ್ಞೂಂ ಅಂದ್ರ ನಮ್ಮ ಮದುವಿ ಆದಂಗ. ಅಲ್ಲೇ ಕಲಬುರಗಿಯೊಳಗ ಅತ್ತಿ ಮನ್ಯಾಗ ಇದ್ದಾರ. ಮಧ್ಯಾಹ್ನ ನಿಮ್ಮ ಕಾರಿನಾಗೇ ಊರಿಗೆ ಬರ್ತಾರಂತ. ಹುಡುಗನ್ನ ದಾರಿಯೊಳಗ ನೋಡ್ತೀನಿ ಅಂದಾರ."

ರಘೂತ್ತಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುಗಳಿಗೆಯೇ ಬಾಗಿಲು ನೆನಪಾಯಿತು. ಅಜ್ಜ ಒಳಗೆ ಕೂತು ಹಿಡಿ ಜಗ್ಗುತ್ತಾ ಒದ್ದಾಡುವುದು ಕಣ್ಣಿಗೆ ಕಟ್ಟಿತು. ಭಾನುವಾರ ಮೆಕ್ಯಾನಿಕ್ ಎಲ್ಲಿ ಸಿಗಬೇಕು? ಮೊಬೈಲಿನಲ್ಲಿ ವಿಡಿಯೊ ಹಚ್ಚಿ, ಮನೆಯಂಗಳದಲ್ಲೇ ಬಾಗಿಲಿನ ಹೊದಿಕೆ ಬಿಚ್ಚಿದ.

ಪಕ್ಕದ ಮನೆಯ ಖಂಡೆಪ್ಪ ಬನಿಯನ್ನಿನಲ್ಲೇ ಹಾಜರಾದರು. ಒಳಗಿನ ಹಿಡಿಯಿಂದ ಬೀಗಕ್ಕೆ ಹೋಗುವ ಕಡ್ಡಿಯ ಕ್ಲಿಪ್ಪು ಮುರಿದದ್ದನ್ನು ಕಂಡುಹಿಡಿದವರೂ ಅವರೇ.

"ಕೈ ಒಳಗ ಹಾಕಿ ಕಡ್ಡಿ ಹಿಡ್ಕೊಂಡು ನಿಲ್ರಿ. ಬಿಟ್ರ ತಳಕ್ಕ ಬೀಳ್ತದ, ಮತ್ತ ಸಿಗಂಗಿಲ್ಲ. ಹೊಸಾ ಕ್ಲಿಪ್ಪಿಗೆ ಸೂಪರ್ ಮಾರ್ಕೆಟ್ ಬಜಾರಕ್ಕ ಹಿಂಗ ಹೋಗಿ ಹಿಂಗ ಬರ್ತೀನಿ."

ಹಿಂಗ ಹೋದವರು ಹಂಗೇ ಹೋದರು. ಮೊಣಕೈತನಕ ಬಾಗಿಲೊಳಗೆ ತೂರಿಸಿ ರಘೂತ್ತಮ ದನದ ಡಾಕ್ಟರನಂತೆ ನಿಂತಿದ್ದ. ಇನ್ನೊಂದು ಕೈ ತುಂಬ ಗ್ರೀಸು. ಖಂಡೆಪ್ಪನವರ ಹೆಂಡತಿ ವಿಮಲಾಬಾಯಿ ಕನಿಕರಪಟ್ಟು ಮಂಡಕ್ಕಿಯ ಸುಸಲಾ ತಂದು ಚಮಚದಲ್ಲಿ ತಿನ್ನಿಸಿದರು. ಓಣಿಯವರು ಒಬ್ಬೊಬ್ಬರೇ ನಿಂತು ನೋಡತೊಡಗಿದರು.

"ಕೈಗೆ ಏನಾಗ್ಯಾದ್ರೀ ಪಾಪ?"

"ಕೈಗೇನಾಗಿಲ್ಲ, ಲಗ್ನ ಆಗೋದದ," ಎಂದು ವಿಮಲಾಬಾಯಿ ಎಲ್ಲರಿಗೂ ಹೇಳಿದರು.

ಕೈ ಜೋಮು ಹಿಡಿದು ಅದು ತನ್ನದೋ ಕಾರಿನದೋ ತಿಳಿಯದಂತಾದಾಗ ಖಂಡೆಪ್ಪ ಬಂದರು. ಒಂದು ಕ್ಲಿಪ್ಪು, ಒಂದು ಚೀಲ ತರಕಾರಿ, ಕಾಲಲ್ಲಿ ಹೊಸ ಚಪ್ಪಲಿ. ಕ್ಲಿಪ್ಪು ಕೂತಿತು. ರಘೂತ್ತಮ ಒಳಗೆ ಕೂತು ಹಿಡಿ ಎಳೆದ. ಟಕ್ ಎಂದು ತೆರೆಯಿತು. ಮತ್ತೆ ಹಾಕಿ ಮತ್ತೆ ತೆರೆದ. ತಾನೇ ಕಾರು ಕಂಡುಹಿಡಿದಷ್ಟು ಸಂತೋಷ ಅವನಿಗೆ.

ಸುಮೇಧಾಳ ಅತ್ತೆಯ ಮನೆ ಮುಂದೆ ಅಜ್ಜ ಜಯತೀರ್ಥಾಚಾರ್ಯರು ಕಾಯುತ್ತಿದ್ದರು. ರಘೂತ್ತಮ ತನ್ನ ಸೀಟಿನಿಂದಲೇ ಬಾಗಿ, ಒಳಗಿನ ಹಿಡಿ ಎಳೆದು ಬಾಗಿಲು ತೆರೆದ. ಮಹಾಗಾಂವದಲ್ಲಿ ಯಾರೋ ಪರಿಚಯದವರು ಕಂಡರೆಂದು ಅಜ್ಜ ಗಾಡಿ ನಿಲ್ಲಿಸಲು ಹೇಳಿದರು.

"ಹಿಡಿ ಎಳೀರಿ ಅಜ್ಜಾರ, ಹಗೂರ ತೆರೀತದ," ಎಂದ ರಘೂತ್ತಮ, ಕೂತಲ್ಲಿಂದಲೇ.

ತೆರೆಯಿತು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆಂದು ಇಳಿದಾಗಲೂ ತೆರೆಯಿತು. ಮನೆಯ ಮುಂದಂತೂ ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ಸಲೀಸು. ಇನ್ನು ಮದುವೆ ಆದಂತೆಯೇ ಎಂದುಕೊಂಡು ಅವನು ಕಟ್ಟೆಯ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಸುಮೇಧಾ ಹೊರಗೆ ಬಂದಳು. ಕಣ್ಣುಗಳು ಕೆಂಪಾಗಿದ್ದವು.

"ಅಜ್ಜ ಒಲ್ಲೆ ಅಂದ್ರು. ಹಿರಿಯರು ಇಳಿಯೋವಾಗ ಹುಡುಗ ಸೀಟು ಬಿಟ್ಟು ಏಳಲಿಲ್ಲ, ಹಿಡಿ ಎಳೀರಿ ಅಂತ ನನಗೇ ಹೇಳ್ತಾನ ಅಂತ. ಹೋದ ವಾರ ಅವರು ನೋಡಿದ ಸೇಡಂ ಹುಡುಗ ಕಾರು ತಗೊಂಡು ಬಂದಿದ್ನಲ್ಲ, ಅವನಿಗೇ ಮಾತು ಕೊಡ್ರಿ ಅಂದಾರ. ನಿಂತಲ್ಲೆಲ್ಲ ಓಡಿ ಬಂದು, ಬಾಗಿಲಾ ತೆರೆದು ಅಜ್ಜನ್ನ ಕೈ ಹಿಡಿದು ಇಳಿಸಿದ ಅಂತ ಹೊಗಳ್ತಾರ."

"ಅಷ್ಟು ಭಕ್ತಿ ಅದ ಅವನಿಗೆ?" ರಘೂತ್ತಮ ಕಟ್ಟೆಯಿಂದ ಎದ್ದ.

"ಭಕ್ತಿ ಎಲ್ಲಿದ್ರೀ. ನಾನೂ ಹಿಂದಿನ ಸೀಟಿನಾಗ ಇದ್ದೆ, ನೋಡೀನಿ. ಅವರ ಗಾಡಿ ಬಾಗಿಲಾ ಒಳಗಿಂದ ತೆರೆಯೋದೇ ಇಲ್ಲ."