ಮೇಮಸಾಬಳ ಹೊಸ ಜಡೆ

ಮನೆಯ ಗಾಜಿನ ಕಪಾಟಿನಲ್ಲಿ ನಟ್ಟನಡುವೆ ಕೂತಿದ್ದ ಪಿಂಗಾಣಿ ಗೊಂಬೆಯ ಮೇಲೆ ಮುಷರಫನಿಗೆ ಮದುವೆಯಾದಾಗಿನಿಂದ ಸಿಟ್ಟಿತ್ತು. ಹೆಂಡತಿ ಫಿರದೋಸಳ ಅಜ್ಜಿ ಹುಬ್ಬಳ್ಳಿಯ ಯಾವುದೋ ರೈಲ್ವೆ ಸಾಹೇಬನ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದಳಂತೆ. ಸಾಹೇಬ ವಿಲಾಯತಿಗೆ ಹೊರಟ ದಿನ ಕೊಟ್ಟು ಹೋದ ಗೊಂಬೆಯಂತೆ ಅದು. ನೀಲಿ ಗಾಜಿನ ಕಣ್ಣು, ಬಂಗಾರದ ಬಣ್ಣದ ಗುಂಗುರು ಕೂದಲು, ಹಳದಿ ತಿರುಗಿದ ಲೇಸಿನ ಫ್ರಾಕು. ಮನೆಯವರು ಅದಕ್ಕೆ ಮೇಮಸಾಬ ಎಂದೇ ಹೆಸರಿಟ್ಟಿದ್ದರು. ಮುಷರಫ ಗೆದ್ದು ತಂದ ಕೇರಂ ಕಪ್ಪು ಜಾಗವಿಲ್ಲದೆ ಅಟ್ಟ ಸೇರಿತ್ತು. ಮೇಮಸಾಬ ಮಾತ್ರ ಕೂತಲ್ಲಿಂದ ಕದಲಿರಲಿಲ್ಲ.

ಅವತ್ತು ಮುಷರಫನ ಫ್ಯಾನು ರಿಪೇರಿ ಅಂಗಡಿಗೆ ವಾರದ ರಜೆ. ಫಿರದೋಸ ಬೆಳಿಗ್ಗೆಯೇ ಧಾರವಾಡದ ಹತ್ತಿರದ ಅಮ್ಮಿನಬಾವಿಯ ಅಕ್ಕನ ಮನೆಗೆ ಹೋಗಿದ್ದಳು. ಅವನು ಚಾಪೆಯ ಮೇಲೆ ಅಡ್ಡಾಗಿ ಫೋನು ತೀಡುತ್ತಿದ್ದಾಗ ಒಂದು ವಿಡಿಯೊ ಬಂತು. ಮುಂಬೈಯ ಯಾವಳೋ ಹೆಂಗಸು ಇಂಥದೇ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಳೆಯ ಜರ್ಮನಿ ಗೊಂಬೆಗೆ ಲಕ್ಷಗಟ್ಟಲೆ ಬೆಲೆ, ಕುತ್ತಿಗೆಯ ಹಿಂದೆ ನಂಬರು ಕೊರೆದಿದ್ದರೆ ನಿಮ್ಮ ನಸೀಬು ತೆರೆದಂತೆ ಎನ್ನುತ್ತಿದ್ದಳು.

ಮುಷರಫ ಎದ್ದು ಮೇಮಸಾಬಳ ಕೂದಲು ಸರಿಸಿ ನೋಡಿದ. ನಂಬರು ಇತ್ತು.

ಅವನ ಬೈಕು ಒದ್ದರೆ ಓಣಿಯ ನಾಯಿಗಳು ಎದ್ದು ಓಡುತ್ತಿದ್ದವು, ಬೈಕು ಮಾತ್ರ ಓಡುತ್ತಿರಲಿಲ್ಲ. ಹೊಸ ಬೈಕಿನ ಸೀಟು, ಹಿಡಿಕೆ, ಹಾರ್ನು ಎಲ್ಲ ಕಣ್ಣ ಮುಂದೆ ಬಂದು ನಿಂತವು. ಫಿರದೋಸಳಿಗೆ ಏನು ಹೇಳುವುದೆಂದು ಅದರ ಮೇಲೆ ಕೂತೇ ಯೋಚಿಸಿದರಾಯಿತು ಎಂದುಕೊಂಡು, ಗೊಂಬೆಯ ಧೂಳು ಝಾಡಿಸಲು ಬಾಗಿಲಿಗೆ ಬಂದ. ಅದೇ ತಪ್ಪಾಯಿತು.

ಎದುರು ಮನೆಯ ಈರವ್ವ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಳು. ಓಣಿಯಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸಲ ಕೂಗಿತೆಂದು ಹೇಳಬಲ್ಲ ಹೆಂಗಸು.

"ಯಾಕೋ ತಮ್ಮಾ, ಮೇಮಸಾಬನ್ನ ಎಲ್ಲಿಗೆ ಹೊಂಡಿಸಿದಿ?"

"ಎಲ್ಲಿಗೂ ಇಲ್ರಿ ಅಕ್ಕಾರ. ಸುಮ್ನ... ಧಾರವಾಡಕ್ಕ."

"ಮಾರಾಕ?"

ಮುಷರಫನಿಗೆ ಸುಳ್ಳು ಹೇಳಲು ಬರುತ್ತಿತ್ತು, ಆದರೆ ಲಗೂ ಹೇಳಲು ಬರುತ್ತಿರಲಿಲ್ಲ. ಅವನು ಬಾಯಿ ತೆರೆಯುವುದರೊಳಗೆ ಈರವ್ವ ಗೊಂಬೆಯನ್ನು ಕಸಿದುಕೊಂಡಾಗಿತ್ತು.

"ಅಯ್ಯ ನನ್ನ ಶಿವನ! ಈ ಮಾರಿ ಹೊತ್ಗೊಂಡು ಹೊಂಟಿಯೇನು? ಕನ್ಯಾ ತೋರಸಾಕ ಹೋಗೂಮುಂದ ಹಿಂಗ ಕರ್ಕೊಂಡು ಹೋಗ್ತಾರೇನು? ಶಹಜಹಾನಬೇಗಂ, ಬಾ ಇಲ್ಲೆ!"

ಪಕ್ಕದ ಮನೆಯಲ್ಲಿ ಹೊಲಿಗೆ ಮಷಿನ್ನು ನಿಂತಿತು. ಬಟ್ಟೆ ಹೊಲಿಯುವ ಶಹಜಹಾನಬೇಗಂ ಕೊರಳಿಗೆ ಟೇಪು ಹಾಕಿಕೊಂಡೇ ಬಂದಳು. ಅವಳ ಹಿಂದೆ, ಅಂಗಡಿಗೆ ಹೊರಟಿದ್ದ ಜೋಳದ ವ್ಯಾಪಾರಿ ಬಸವಪ್ರಭುವೂ ಸ್ಕೂಟರು ನಿಲ್ಲಿಸಿದ.

"ಮುಷರಫ ಭಾಯ್, ಮಾಲು ಎಂಥಾದರ ಇರಲಿ, ತೋರಿಕಿ ಬೇಕ್ರಿ. ನಾವು ಜ್ವಾಳನ ಹಸನ ಮಾಡಿ ಮಾರತೀವಿ," ಎಂದ ಬಸವಪ್ರಭು. "ನೀವು ಒಂದೀಟು ಚಾ ಹೇಳಿ ಬರ್ರಿ. ಉಳದದ್ದು ನಮಗ ಬಿಡ್ರಿ."

ಮುಷರಫ ಚಹಾ ತರಲು ಹೋದ. ಚಹಾದಂಗಡಿಯಲ್ಲಿ ಹಾಲು ಕಾಯುವುದು ತಡವಾಯಿತು. ಅವನು ಗ್ಲಾಸು ಹಿಡಿದು ಬರುವಷ್ಟರಲ್ಲಿ ಕಟ್ಟೆಯ ಮೇಲೆ ಬೇರೊಬ್ಬಳು ಕೂತಿದ್ದಳು.

ಈರವ್ವ ಪಾತ್ರೆ ತಿಕ್ಕುವ ಸಾಬೂನಿನಿಂದ ಗೊಂಬೆಯ ತಲೆ ತೊಳೆದಿದ್ದಳು. ಗುಂಗುರು ಕೂದಲು ಗಂಟುಗಂಟಾಗಿ ಕಿತ್ತು ಬಂದಾಗ ಅದನ್ನು ನೀರೊಲೆಗೆ ಹಾಕಿ, ತನ್ನ ಹಳೆಯ ಚವರಿಯಿಂದ ಮಾರುದ್ದದ ಕರಿ ಜಡೆ ಹೆಣೆದು ಅಂಟಿಸಿದ್ದಳು. ಶಹಜಹಾನಬೇಗಂ ಫ್ರಾಕು ಬಿಚ್ಚಿ ಮಷಿನ್ನು ಒರೆಸಲು ಎತ್ತಿಟ್ಟುಕೊಂಡು, ಯಾರದೋ ಶರಾರಾದ ಉಳಿಕೆ ಬಟ್ಟೆಯಿಂದ ಜರಿಯಂಚಿನ ಹಸಿರು ಲಂಗ ಹೊಲಿದು ತೊಡಿಸಿದ್ದಳು. ತುಟಿಗೆ ಕೆಂಪು ನೇಲ್ ಪಾಲಿಶ್ ಬಳಿದಿತ್ತು, ಹಣೆಗೆ ಟಿಕಲಿ. ಮೇಮಸಾಬ ಶಾಲೆಯ ಗ್ಯಾದರಿಂಗಿನಲ್ಲಿ ಕುಣಿಯಲು ನಿಂತ ಹುಡುಗಿಯ ಹಾಗೆ ಕಣ್ಣರಳಿಸಿದ್ದಳು.

"ಕುತ್ತಿಗಿ ಹಿಂದ ಏನೋ ಗೀರಿತ್ರಿ," ಬಸವಪ್ರಭು ಬೆರಳು ಒರೆಸಿಕೊಳ್ಳುತ್ತ ಹೇಳಿದ. "ಬಿಳಿ ಸಿಮೆಂಟ್ ತುಂಬಿ ಸಾಫ್ ಮಾಡೇನಿ. ಈಗ ಹೊಸಾದ ಅಂದ್ರೂ ನಂಬಬೇಕು!"

ಮುಷರಫನ ಕೈಯಲ್ಲಿದ್ದ ಚಹಾ ಅರ್ಧ ಅವನ ಕಾಲ ಮೇಲೆ ಚೆಲ್ಲಿತು. ಅದು ಸುಟ್ಟದ್ದೂ ಅವನಿಗೆ ತಿಳಿಯಲಿಲ್ಲ.

ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ಹಳೆಯ ಸಾಮಾನು ಕೊಳ್ಳುವ ದೊಡ್ಡ ಅಂಗಡಿಯೆಂದರೆ ಧಾರವಾಡದ ತ್ರ್ಯಂಬಕನದು. ಚಿಗರಿ ಬಸ್ಸಿನಲ್ಲಿ ಗೊಂಬೆಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ ಮುಷರಫನಿಗೆ, ಪಕ್ಕದ ಅಜ್ಜಿ ಕೂಸಿಗೆ ಉಸಿರು ಕಟ್ಟೀತು ಎಂದು ದಾರಿಯುದ್ದಕ್ಕೂ ಬೈದಳು.

ತ್ರ್ಯಂಬಕ ಕನ್ನಡಕ ಏರಿಸಿ ಗೊಂಬೆಯನ್ನು ಹಿಂದೆ ಮುಂದೆ ತಿರುಗಿಸಿದ.

"ಏನ್ರಿ ಇದು? ಮಾರಿ ಜರ್ಮನಿದು, ಜಡಿ ಹುಬ್ಬಳ್ಳಿದು!"

"ಸ್ವಲ್ಪ... ಹಸನ ಮಾಡೇವ್ರಿ."

"ಹಳೇ ಸಾಮಾನಿಗೆ ಹಳೇತನದ್ದ ಕಿಮ್ಮತ್ತು ಇರ್ತದ. ಇದರ ಮೂಲ ಫ್ರಾಕ್ ಎಲ್ಲೆದ?"

"ಹೊಲಿಗಿ ಮಷಿನ್ ಒರಸಾಕ ಹೋತ್ರಿ."

"ಕೂದಲಾ?"

"ಒಲಿಗೆ ಹೋತ್ರಿ."

"ಕುತ್ತಿಗಿ ಮ್ಯಾಲಿನ ನಂಬರು?"

"ಸಿಮೆಂಟಿನ ಕೆಳಗ ಐತ್ರಿ," ಎಂದ ಮುಷರಫ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ತ್ರ್ಯಂಬಕ ನಿಟ್ಟುಸಿರು ಬಿಟ್ಟ. ಹಂಗ ತಂದಿದ್ದರೆ ಲಕ್ಷದ ಮಾತಾಡಬಹುದಿತ್ತು, ಈಗ ಹದಿನೈದು ನೂರು, ಅದೂ ನಿಮ್ಮ ಮಾರಿ ನೋಡಿ ಎಂದ. ಮುಷರಫನಿಗೆ ಅದನ್ನು ಹೊತ್ತು ತಿರುಗಿ ಹೋಗಲು ಧೈರ್ಯವಾಗಲಿಲ್ಲ. ಈ ವೇಷದಲ್ಲಿ ಮೇಮಸಾಬಳನ್ನು ಫಿರದೋಸಳ ಎದುರು ಕೂರಿಸುವುದಕ್ಕಿಂತ ಕಳುವಾಯಿತೆಂದು ಅಳುವುದೇ ಸುಲಭ ಅನ್ನಿಸಿತು. ಹದಿನೈದು ನೂರು ಜೇಬಿಗೆ ಹಾಕಿಕೊಂಡು ಪಕ್ಕದ ಖಾನಾವಳಿಯಲ್ಲಿ ರುಚಿ ತಿಳಿಯದೆ ಊಟ ಮಾಡಿ, ಬಸ್ಸು ಹತ್ತಿದ.

ನವನಗರ ದಾಟುವಾಗ ಫೋನು ಬಂತು. ಫಿರದೋಸ.

"ಎಲ್ಲಿದೀರಿ?"

"ಮನ್ಯಾಗ," ಎಂದ ಮುಷರಫ. ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಕೂಗುವುದರೊಳಗೆ ಫೋನಿಗೆ ಅಂಗೈ ಮುಚ್ಚಿದ.

"ನಮ್ಮ ಮೇಮಸಾಬ ಕಪಾಟಿನ್ಯಾಗ ಅದಾಳಿಲ್ಲ?"

"ಮತ್ತೆಲ್ಲಿ ಹೋಗ್ತಾಳ? ನನ್ನ ಕಣ್ಣ ಮುಂದನ ಕುಂತಾಳ."

"ಖರೇ ಹೇಳ್ರಿ. ಎದ್ದು ನೋಡಿ ಹೇಳ್ರಿ."

"ನೋಡೇ ಹೇಳಾಕತ್ತೇನಿ. ನನ್ನ ನೋಡಿ ನಗಾಕತ್ತಾಳ."

"ಅಷ್ಟ ಸಾಕ್ರಿ," ಎಂದು ಅವಳು ಇಟ್ಟುಬಿಟ್ಟಳು.

ಆ ದನಿಯಲ್ಲಿದ್ದ ಸಮಾಧಾನ ಕೇಳಿ ಮುಷರಫ ಜೇಬಿನಲ್ಲಿದ್ದ ರೊಕ್ಕ ಮುಟ್ಟಿ ನೋಡಿಕೊಂಡ. ಅಜ್ಜಿ ಕೊಟ್ಟ ವಸ್ತು ಅದೊಂದೇ ಅವಳಿಗೆ. ಅವನು ಮುಂದಿನ ನಿಲ್ದಾಣದಲ್ಲಿ ಇಳಿದು ಎದುರಿನ ಬಸ್ಸು ಹಿಡಿದ. ಜಡೆಯಾದರೂ ಇರಲಿ, ಲಂಗವಾದರೂ ಇರಲಿ, ತಪ್ಪು ಒಪ್ಪಿಕೊಂಡು ವಾಪಸು ಕೂರಿಸುವುದು ಎಂದು ನಿಶ್ಚಯಿಸಿದ. ಬೇಕಾದರೆ ಎರಡು ದಿನ ಊಟ ಹೊರಗೆ ಮಾಡಿದರಾಯಿತು.

"ತಗೋರಿ ನಿಮ್ಮ ರೊಕ್ಕ, ನಮ್ಮ ಗೊಂಬಿ ಕೊಡ್ರಿ," ಎಂದು ಏದುಸಿರು ಬಿಡುತ್ತ ತ್ರ್ಯಂಬಕನ ಮುಂದೆ ಕೈಚಾಚಿದ.

"ಆಗಲೇ ಹೋತಲ್ರಿ! ಗಿರಾಕಿ ಬಂದ್ರು, ನೋಡಿದ್ರು, ಕೇಳಿದಷ್ಟು ಕೊಟ್ಟು ಒಯ್ದ್ರು." ತ್ರ್ಯಂಬಕ ಉಗುರಿನ ಸಂದಿಯಿಂದ ಬಿಳಿ ಸಿಮೆಂಟಿನ ಪುಡಿ ತೆಗೆಯುತ್ತಿದ್ದ. "ಅಂಥಾ ಗಿರಾಕಿ ಸಿಗೂದು ಅಪರೂಪ."

ಮುಷರಫ ಮನೆ ಮುಟ್ಟಿ, ಖಾಲಿ ಕಪಾಟಿನ ಗಾಜಿಗೆ ಒಂದು ಚಾದರ ಇಳಿಬಿಟ್ಟು, ಕಳ್ಳರ ಕತೆ ಕಟ್ಟುತ್ತ ಕೂತ. ಕಳ್ಳ ಟಿವಿ ಬಿಟ್ಟು ಗೊಂಬೆ ಒಯ್ದದ್ದೇಕೆ ಎಂಬಲ್ಲಿಗೆ ಕತೆ ನಿಂತಿತ್ತು. ಅಷ್ಟರಲ್ಲಿ ಫಿರದೋಸ ಒಳಗೆ ಬಂದಳು. ಒಂದು ಕೈಯಲ್ಲಿ ಪೇಡೆಯ ಪೊಟ್ಟಣ, ಇನ್ನೊಂದರಲ್ಲಿ ದೊಡ್ಡ ರಟ್ಟಿನ ಡಬ್ಬಿ. ಮುಖ ಈದ್ ಚಂದ್ರನ ಹಾಗೆ ಬೆಳಗುತ್ತಿತ್ತು.

"ಏನ್ರಿ, ಮೊದಲ ಬಾಯಿ ಸಿಹಿ ಮಾಡ್ಕೋರಿ. ನಮ್ಮ ನಸೀಬು ತೆರೀತು!"

"ಏನಾತ?"

"ಅಕ್ಕನ ಮಗಳು ಗುಲ್ನಾಜ ಒಂದು ವಿಡಿಯೊ ತೋರಿಸಿದ್ಲು. ನಮ್ಮ ಮೇಮಸಾಬನಂಥಾ ಗೊಂಬಿಗೆ ಲಕ್ಷ ಬರತೈತಂತ. ಕಿಮ್ಮತ್ ಕೇಳೂಣಂತ ಧಾರವಾಡದಾಗ ಒಂದ ಅಂಗಡಿಗೆ ಕರ್ಕೊಂಡು ಹೋದ್ಲು. ಅಲ್ಲಿ ನೋಡ್ತೇನಿ..." ಅವಳು ಡಬ್ಬಿ ತೆರೆದಳು. "ಥೇಟ್ ಅದ ಮಾರಿ!"

ಹಸಿರು ಲಂಗ, ಕರಿ ಜಡೆ, ಕೆಂಪು ತುಟಿ. ಮೇಮಸಾಬ ಮುಷರಫನನ್ನು ನೆಟ್ಟ ಕಣ್ಣಿನಿಂದ ನೋಡಿದಳು.

"ಯಾವುದೋ ರಾಜನ ಮನ್ಯಾಗ ಬೆಳೆದಾಕಿ ಅಂತ್ರಿ, ಅದಕ್ಕ ನಮ್ಮ ದೇಶದ ಉಡುಪು. ಹಿಂಗ ಜೋಡಿ ಇದ್ರ ಬೆಲಿ ಮೂರು ಪಟ್ಟಂತ ಅಂಗಡ್ಯವ್ರು ಅಂದ್ರು. ನಿಮಗ ಬೈಕ್ ಕೊಡಸೂಣಂತ ಅಕ್ಕನ ಕಡೆ ತಿಂಗಳಾ ಕೂಡಿಟ್ಟಿದ್ದ ಭೀಶಿ ಚೀಟಿ ರೊಕ್ಕ ಇವತ್ತ ಅಕ್ಕ ಕೊಟ್ಟಿದ್ಲು. ಪೂರಾ ಕೊಟ್ಟುಬಿಟ್ಟೆ."

"ಪೂರಾ?" ಎಂದ ಮುಷರಫ.

"ಮೊದಲ ನನಗೂ ಸಂಶೆ ಬಂತ್ರಿ, ನಮ್ಮದನ್ನ ಯಾರರ ಕದ್ದು ವೇಷ ಹಾಕಿ ಮಾರ್ಯಾರೇನು ಅಂತ. ಅದಕ್ಕ ಅಂಗಡ್ಯಾಗ ನಿಂತ ಫೋನ್ ಮಾಡಿದ್ದು. ಕಣ್ಣ ಮುಂದನ ಕುಂತಾಳ ಅಂತ ನೀವು ಹೇಳಿದ್ರಲ್ಲ, ಆಗ ರೊಕ್ಕ ಎಣಿಸಿದೆ." ಅವಳು ಗೊಂಬೆಯನ್ನು ಕಂಕುಳಲ್ಲಿ ಎತ್ತಿಕೊಂಡು ಚಾದರದ ಅಂಚಿಗೆ ಕೈ ಹಾಕಿದಳು. "ಸರೀರಿ ಬಾಜೂಕ. ಅಕ್ಕ-ತಂಗಿನ್ನ ಜೋಡಿ ಕುಂದ್ರಸೂಣು."

"ಫಿರದೋಸ," ಎಂದ ಮುಷರಫ, ಕಪಾಟಿಗೆ ಬೆನ್ನು ಹಚ್ಚಿ ಎರಡೂ ಕೈ ಚಾಚಿ ನಿಂತು, "ಒಂದ ಇದ್ರೂ ಛಲೋನ ಕಾಣತೈತಲ್ಲ?"