ಟಗರು ಗುದ್ದಿದ್ದಕ್ಕೆ ಒಂದು ನಂಬರು

ನಾನು ಓದಿದ್ದು ಬರೀ ಬಿ.ಕಾಂ. ಆದರೂ ಚಳ್ಳಕೆರೆಯಲ್ಲಿ ನೂರಾರು ಜನರಿಗೆ ಏನಾಗಿದೆಯೆಂದು ತೀರ್ಮಾನಿಸಿದವನು ನಾನೇ. ಗಾಬರಿಯಾಗಬೇಡಿ, ಯಾರಿಗೂ ಔಷಧಿ ಕೊಟ್ಟಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ನರ್ಸಿಂಗ್ ಹೋಮಿಗೆ ವಿಮೆಯವರು ಕಾಲಿಟ್ಟಾಗ, ತುರ್ತು ವಿಭಾಗಕ್ಕೆ ಬಂದವರ ಕಾಯಿಲೆಗೊಂದು, ಅದರ ಕಾರಣಕ್ಕೊಂದು ನಂಬರು ಹಾಕಿ ಫಾರಂ ಕಳಿಸಬೇಕೆಂದಾಯಿತು. ನಂಬರುಗಳೆಲ್ಲ ಒಂದು ದಪ್ಪ ಪುಸ್ತಕದಲ್ಲಿದ್ದವು. ಅದನ್ನು ತಿರುವಿಹಾಕುವಷ್ಟು ಪುರುಸೊತ್ತು ಡಾಕ್ಟರಿಗಿರಲಿಲ್ಲ. ಪುಸ್ತಕ ಗುಮಾಸ್ತನಾದ ನನ್ನ ಮೇಜಿಗೆ ಬಂತು. ನಾನೋ ಹುಟ್ಟು ಸೋಮಾರಿ. ಹತ್ತು ನಂಬರು ಬಾಯಿಪಾಠ ಮಾಡಿಕೊಂಡು, ಪರಶುರಾಂಪುರದಿಂದ ಮೊಳಕಾಲ್ಮೂರಿನವರೆಗಿನ ಸಕಲ ಸಂಕಟಗಳನ್ನೂ ಅವುಗಳಲ್ಲೇ ತುರುಕುತ್ತಿದ್ದೆ. ಮೂಳೆ ಮುರಿದಿದ್ದರೆ ಕಾರಣ ‘ಬಿದ್ದದ್ದು’. ಪುಟ ತಿರುವುವ ಕೆಲಸವೇ ಇಲ್ಲ.

ಮೊಳಕಾಲ್ಮೂರು ಕಡೆಯ ಕುರಿಗಾರ ಬೋರಯ್ಯನವರ ಪಕ್ಕೆಲುಬಿಗೂ ಅದನ್ನೇ ಬರೆದೆ. ವಿಮೆಯವರು ‘ಬಿದ್ದದ್ದು ಹೇಗೆ’ ಎಂದು ಅವರ ಮನೆಗೇ ಕಾಗದ ಹಾಕಿ ವಿವರ ಕೇಳಿದರು. ಹಟ್ಟಿಯಲ್ಲಿ ಯಾರೋ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿಬಿಟ್ಟರು. ಮಾರನೆಯ ದಿನ ಪಕ್ಕೆ ಹಿಡಿದುಕೊಂಡು ಬೋರಯ್ಯನವರು ನನ್ನ ಮುಂದೆ ನಿಂತಿದ್ದರು.

“ನಾನು ಬಿದ್ದೆ ಅಂತ ಯಾರ್ ಹೇಳಿದ್ರು ನಿಮಗೆ?”

“ಬಿದ್ದಿದ್ದು ಹೌದಲ್ರೀ?”

“ಟಗರು ಗುದ್ದಿದ್ ಮೇಲೆ ಬಿದ್ದೆ. ಬೋರಯ್ಯ ನಿಂತಂಗೇ ಬಿದ್ನಂತೆ ಅಂತ ಹಟ್ಟಿಯೆಲ್ಲಾ ನಗಾಡ್ತೈತೆ. ನನ್ನ ಬೀಜದ ಟಗರು ನೋಡಾಕೆ ಬಂದೋರು, ಇದು ಗುದ್ದೋದೇ ಸುಳ್ಳು ಅಂತ ಹೊಂಟೋದ್ರು. ವಿಮೆ ಬರ್ಲಿ ಬಿಡ್ಲಿ, ಅದರ ಹೆಸರು ಹಾಕ್ರಿ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಪುಸ್ತಕ ತೆಗೆದೆ. ಇಲಿಗೆ, ನಾಯಿಗೆ, ಕಡೆಗೆ ಮೊಸಳೆಗೂ ಅದರದೇ ನಂಬರಿತ್ತು. ನಮ್ಮ ಸೀಮೆಯಲ್ಲಿ ಮೊಸಳೆ ಕಚ್ಚಬೇಕಾದರೆ ಮೊದಲು ನೀರು ಬರಬೇಕು. ಟಗರು ಮಾತ್ರ ‘ಇತರೆ ಸಸ್ತನಿಗಳು’ ಎಂಬ ಗುಂಪಿನಲ್ಲಿ ಸೇರಿತ್ತು. ಓದಿ ಹೇಳಿದೆ.

“ಮೊಸಳೆಗೆ ಐತೆ, ನನ್ನ ಟಗರು ಇತರೆ ಏನ್ರಿ?” ಎಂದರು. ಮುಖ ಸಣ್ಣದಾಗಿತ್ತು.

ಆ ನಂಬರಿನ ಪಕ್ಕದಲ್ಲೇ ‘ಬೀಜದ ಟಗರು ಗುದ್ದಿದ್ದು’ ಎಂದು ದಪ್ಪಕ್ಷರದಲ್ಲಿ ಬರೆದೆ. ಡಾಕ್ಟರ ಸಹಿ ಹಾಕಿಸಿ, ಮೊಹರು ಒತ್ತಿ, ಅವರಿಗೊಂದು ಜೆರಾಕ್ಸ್ ಕೊಟ್ಟೆ. ಬೋರಯ್ಯನವರು ಅದನ್ನು ಎರಡು ಸಲ ಓದಿಸಿಕೊಂಡು, ಮಡಚಿ ಜೇಬಿಗಿಟ್ಟುಕೊಂಡು, ಎದೆ ಸೆಟೆಸಿ ಬಸ್ ಸ್ಟ್ಯಾಂಡಿನತ್ತ ನಡೆದರು. ಸೆಟೆಸಿದಾಗ ಪಕ್ಕೆ ನೋಯದೆ ಇರಲಿಲ್ಲ. ಆ ಕೆಲಸದಲ್ಲಿ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಅದೇ ಖುಷಿಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋದೆ. ವೈದ್ಯರು, ನರ್ಸುಗಳು, ಕಾಂಪೌಂಡರು, ವಾಚ್‌ಮನ್ ಎಂದು ಒಬ್ಬೊಬ್ಬರಿಗೂ ತಲೆಬರಹವಿತ್ತು. ನನ್ನ ಹೆಸರು ಕೊನೆಯಲ್ಲಿ, ‘ಇತರೆ’ ಎಂಬುದರ ಕೆಳಗೆ. ಆರು ವರ್ಷದಿಂದ ಅಲ್ಲೇ ಸಹಿ ಹಾಕುತ್ತಿದ್ದರೂ ಓದಿ ನೋಡಿದ್ದು ಅವತ್ತೇ. ನನ್ನ ಪರವಾಗಿ ಬಂದು ಕೇಳಲು ಯಾವ ಬೋರಯ್ಯನೂ ಇರಲಿಲ್ಲ. ಸಹಿ ಹಾಕಿ ಬಂದೆ.