ಯಶವಂತ-೧ಕ್ಕೆ ಕಟ್ಟಿದ ಕೆಂಪು ಬಟ್ಟೆ

ಎರಡು ಜಾತಿಯ ಟೊಮೆಟೊ ಗಿಡಗಳನ್ನು ಬಾಳೆನಾರಿನಲ್ಲಿ ಬಿಗಿದು ಕಟ್ಟಿಬಿಟ್ಟರೆ ಹೊಸ ತಳಿ ಹುಟ್ಟುತ್ತದೆಂದು ಯಶವಂತ ಒಂದು ಕಾಲದಲ್ಲಿ ನಂಬಿದ್ದ. ಹದಿನೈದು ದಿನ ಕಾದ. ಎರಡೂ ಒಟ್ಟಿಗೆ ಒಣಗಿದವು.

"ಸಂಸಾರ ಅಂದ್ರೆ ಅದೇ ಅಲ್ವಾ" ಎಂದಳು ಹೆಂಡತಿ ಗಾನಶ್ರೀ.

ಬಣಕಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಅವನು ರೈಟರ್. ಆಳುಗಳ ಹಾಜರಿ ಬರೆದು ಕೆಲಸ ಹಂಚುವುದು ಸಂಬಳದ ಕೆಲಸ. ಮಳೆಗಾಲದಲ್ಲೂ ಹಣ್ಣು ಕೊಡುವ ಟೊಮೆಟೊ ತಳಿಯನ್ನು ಜಗತ್ತಿಗೆ ಕೊಡುವುದು ಜನ್ಮದ ಕೆಲಸ. ಜೂನ್ ಬಂತೆಂದರೆ ಇಲ್ಲಿ ಟೊಮೆಟೊ ಗಿಡ ಹೂವುದುರಿಸಿ, ಎಲೆ ಕಪ್ಪಾಗಿ ಕೊಳೆತುಹೋಗುತ್ತದೆ. ಸಾರಿನ ಹಣ್ಣು ಬಯಲುಸೀಮೆಯಿಂದ ಲಾರಿ ಹತ್ತಿ ಬರಬೇಕು. ಮುಂದಿನ ಆಷಾಢದಲ್ಲಿ ನಮ್ಮ ಹಿತ್ತಲ ಹಣ್ಣಿನದೇ ಸಾರು ಎಂದು ಅವನು ಗಾನಶ್ರೀಗೆ ಮಾತು ಕೊಟ್ಟು ಮೂರು ಆಷಾಢ ಕಳೆದಿದ್ದವು.

ಬಾಳೆನಾರು ಬಿಟ್ಟ ಮೇಲೆ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು. ನಾಟಿ ಟೊಮೆಟೊದ ಮೊಗ್ಗು ಬಿಡಿಸಿ, ಗಾನಶ್ರೀಯ ಹುಬ್ಬಿನ ಚಿಮುಟದಿಂದ ಕೇಸರ ಕಿತ್ತು, ಗೊಬ್ಬರದ ಗುಂಡಿಯ ಪಕ್ಕ ಮಳೆಗೆ ಹೆದರದೆ ತಾನೇ ಹುಟ್ಟಿದ್ದ ಗೋಲಿ ಟೊಮೆಟೊದ ಪರಾಗ ಸವರಿದ. ಬಿಟ್ಟ ಹಣ್ಣೆಲ್ಲ ಬೀಜಕ್ಕೆ. ತಾನೂ ಬಾಯಿಗೆ ಹಾಕಲಿಲ್ಲ, ಹೆಂಡತಿಗೂ ಕೊಡಲಿಲ್ಲ. ಈ ವರ್ಷ ಇದ್ದಬದ್ದ ಬೀಜವನ್ನೆಲ್ಲ ಬಿತ್ತಿದ. ನಲವತ್ತು ಗಿಡಗಳಲ್ಲಿ ಮೂವತ್ತೊಂಬತ್ತು ಮಳೆಗೆ ಶರಣಾದವು. ಒಂದು ಮಾತ್ರ ಕ್ವಾರ್ಟರ್ಸಿನ ಹಿಂದೆ, ಕಾಫಿ ಸಾಲಿನ ಅಂಚಿನಲ್ಲಿ, ಮೂರು ಹಣ್ಣು ಹೊತ್ತು ನಿಂತಿತು. ಅದಕ್ಕೆ 'ಯಶವಂತ-೧' ಎಂದು ನಾಮಕರಣವಾಯಿತು. ಸಾರಿನ ಪಾತ್ರೆಯಿಂದ ಅದನ್ನು ಕಾಪಾಡಲು ಎಸ್ಟೇಟ್ ಸ್ಟೋರಿನ ಕೆಂಪು ಬಟ್ಟೆಯ ಚೂರೊಂದನ್ನು ಬುಡಕ್ಕೆ ಕಟ್ಟಿ, ಯಾರೂ ಮುಟ್ಟಕೂಡದೆಂದು ಮನೆಯಲ್ಲಿ ಆಜ್ಞೆ ಹೊರಡಿಸಿದ.

ಸೆಪ್ಟೆಂಬರಿನಲ್ಲಿ ಮಳೆ ಕಡಿಮೆಯಾಗಿ ಹೊಳವಾಗುತ್ತಿದ್ದಂತೆ, ಕಾಂಡ ಕೊರೆಯುವ ಬೋರರ್ ಹುಳು ಹಿಡಿದ ಕಾಫಿ ಗಿಡ ಹುಡುಕುವ ಕೆಲಸ ಶುರುವಾಯಿತು. ಹುಳು ಕಂಡ ಗಿಡಕ್ಕೆ ಕೆಂಪು ಬಟ್ಟೆ ಕಟ್ಟುತ್ತ ಒಬ್ಬರು ಮುಂದೆ ಹೋಗುವುದು, ಹಿಂದೆ ಬಂದವರು ಅದನ್ನು ಬುಡಸಮೇತ ಕಿತ್ತು ಸುಡುವುದು. ಆಳುಗಳಿಗೆ ಈ ಪದ್ಧತಿಯನ್ನು ಕಟ್ಟುನಿಟ್ಟಾಗಿ ಕಲಿಸಿದವನು ಯಶವಂತನೇ.

ಸಂಜೆ ಹಾಜರಿ ಪುಸ್ತಕ ಮುಚ್ಚಿ ಹಿತ್ತಲಿಗೆ ಬಂದರೆ, ಗಿಡವಿದ್ದಲ್ಲಿ ಗುಂಡಿ. ಆಚೆಗೆ ಇನ್ನೂ ಹೊಗೆಯಾಡುವ ಬೂದಿ. ಬೂದಿಯ ಪಕ್ಕ ಕಲ್ಲಮ್ಮ, ಹೇಳಿದ್ದನ್ನು ಹೇಳಿದಂತೆ ಮಾಡುವ ಎಸ್ಟೇಟಿನ ಏಕೈಕ ಆಳು.

ಅದು ಟೊಮೆಟೊ ಗಿಡ ಅಂತ ಕಾಣಲಿಲ್ಲವೇ ಎಂದು ಕೇಳಿದ ಯಶವಂತ.

"ಕಾಣ್ದೆ ಏನು ರೈಟ್ರೇ. ಕೆಂಪು ಬಟ್ಟೆ ಕಂಡ್ರೆ ಯೋಚ್ನೆ ಮಾಡ್ತಾ ನಿಲ್ಬೇಡಿ, ಕೀಳಿ ಅಂದೋರು ನೀವೇ ಅಲ್ವಾ?"

ಹಣ್ಣು ಏನಾದವೆಂದು ಕೇಳಿದ. ಹಣ್ಣು ಸುಡುವುದು ಪಾಪವೆಂದು ಮಧ್ಯಾಹ್ನ ಗಂಜಿಗೆ ನಂಚಿಕೊಂಡಳಂತೆ. ಮೂರನ್ನೂ, ಬೀಜಸಮೇತ.

ಯಶವಂತ ಬೂದಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಮೂರು ವರ್ಷದ ತಪಸ್ಸಿನ ರುಚಿ ಬಲ್ಲ ಒಂದೇ ಒಂದು ಜೀವ ಎದುರಿಗೆ ನಿಂತಿತ್ತು. ಕೇಳಬಾರದೆಂದುಕೊಂಡೇ ಕೇಳಿದ.

"ಹೇಗಿತ್ತು ಕಲ್ಲಮ್ಮ?"

ಕಲ್ಲಮ್ಮ ಹಿತ್ತಲ ಬಾಗಿಲಲ್ಲಿದ್ದ ಗಾನಶ್ರೀಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಹುಳಿ ಇಲ್ಲ, ಸಿಹಿ ಇಲ್ಲ, ಬರೀ ಮಳೆನೀರು. ನೀವು ಕೆಂಪು ಬಟ್ಟೆ ಕಟ್ಟಿದ್ದೇ ಸರಿ ರೈಟ್ರೇ."